ಗಲ್ಫ್‌ನ ವಿಮೆ ಎಲ್ಲಿಯವರೆಗೆ?



ವೈದ್ಯಕೀಯ ನೆರವು ಕೋರಿ ಬರುವ ಅರ್ಜಿಯಲ್ಲಿ “ಗಲ್ಫ್‌ನಲ್ಲಿ ಕೆಲಸದಲ್ಲಿದ್ದರು” ಎಂಬ ಸಾಲು ಕಂಡರೆ ಒಂದು ಪ್ರಶ್ನೆ ಏಳುವುದು ಸಹಜ. ಅಂಥ ಶ್ರೀಮಂತ ದೇಶದಲ್ಲಿ ದುಡಿದವರಿಗೆ ವಸಂತ್ ಕುಂಜ್‌ನಲ್ಲಿ ನಾವು ಕೂಡಿಸಿದ ಹಣ ಏಕೆ? ಇದಕ್ಕೆ ಉತ್ತರ ಬೇಕಾದರೆ ಅಲ್ಲಿನ ಆರೋಗ್ಯ ವ್ಯವಸ್ಥೆ ಯಾರಿಗಾಗಿ ಕಟ್ಟಿದ್ದು ಎಂದು ನೋಡಬೇಕು.

ಎಣ್ಣೆಯ ಹಣ ಬಂದ ಮೇಲೆ ಈ ದೇಶಗಳು ತಮ್ಮ ಪ್ರಜೆಗಳಿಗೆ ಚಿಕಿತ್ಸೆಯನ್ನು ಬಹುಪಾಲು ಉಚಿತವಾಗಿಯೇ ಕೊಡುತ್ತ ಬಂದಿವೆ. ಅಲ್ಲಿ ಆಗದ ಚಿಕಿತ್ಸೆಗೆ ಸರ್ಕಾರದ ಖರ್ಚಿನಲ್ಲೇ ಹೊರದೇಶಕ್ಕೆ ಕಳಿಸುವ ಪದ್ಧತಿಯೂ ಇದೆ. ಅಬುಧಾಬಿಯ ಪ್ರಜೆಗೆ ‘ಥಿಕಾ’ ಎಂಬ ಕಾರ್ಡು. ಕುವೈತ್‌ನಲ್ಲಿ 2018ರಲ್ಲಿ ತೆರೆದ ಬೃಹತ್ ಜಾಬರ್ ಅಲ್ ಅಹ್ಮದ್ ಆಸ್ಪತ್ರೆಯನ್ನು ಕುವೈತಿಗಳಿಗೇ ಮೀಸಲಿಟ್ಟರು. ದುಡಿಯಲು ಬಂದವರಿಗೆ ಬೇರೆ ದಾರಿ, ಅದು ವಿಮೆ. ಸೌದಿ ಮತ್ತು ಕುವೈತ್ 1999ರಲ್ಲಿ, ಅಬುಧಾಬಿ 2005ರಲ್ಲಿ, ದುಬೈ 2013ರಲ್ಲಿ ಇದಕ್ಕೆ ಕಾಯ್ದೆ ಮಾಡಿದವು. ಶಾರ್ಜಾ, ಅಜ್ಮಾನ್ ಮೊದಲಾದ ಕಡೆ ಇದು ಕಡ್ಡಾಯವಾದದ್ದು 2025ರ ಜನವರಿಯಿಂದ.

ಅಲ್ಲಿನ ಆಸ್ಪತ್ರೆಗಳು ಕಳಪೆಯೇನಲ್ಲ. ಅಪಘಾತವಾದ ಕೂಲಿಕಾರನಿಗೆ ಊರಿನಲ್ಲಿ ಸಿಗದಂಥ ತುರ್ತು ಚಿಕಿತ್ಸೆ ಅಲ್ಲಿ ಸಿಕ್ಕ ನಿದರ್ಶನಗಳು ಬೇಕಾದಷ್ಟಿವೆ. ತೊಡಕಿರುವುದು ಬೇರೆ ಕಡೆ. ವಿಮೆ ಕೊಡಿಸುವವನು ಮಾಲೀಕ. ಅದು ನಿಂತಿರುವುದು ವೀಸಾದ ಮೇಲೆ. ದುಬೈಯ ಕನಿಷ್ಠ ವಿಮೆಯ ಮಿತಿ ವರ್ಷಕ್ಕೆ 1.5 ಲಕ್ಷ ದಿರ್ಹಮ್, ಅಂದರೆ 30 ಲಕ್ಷ ರೂಪಾಯಿಗೂ ಮೇಲೆ. ಕೇಳಲು ದೊಡ್ಡ ಮೊತ್ತ. ಆದರೆ ಅಲ್ಲಿನ ದರದಲ್ಲಿ ಐಸಿಯುನಲ್ಲಿ ಕೆಲವು ವಾರ ಮಲಗಿದರೆ ಅದು ಕರಗಲು ಹೊತ್ತು ಬೇಕಿಲ್ಲ. ಕಾಯಿಲೆ ಎಳೆದಾಡಿತೋ, ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ರದ್ದು, ವೀಸಾ ರದ್ದಾದರೆ ವಿಮೆಯೂ ಇಲ್ಲ. ಡಯಾಲಿಸಿಸ್, ಕ್ಯಾನ್ಸರ್, ಬೆನ್ನುಮೂಳೆಯ ಪೆಟ್ಟು, ಇಂಥ ವರ್ಷಗಟ್ಟಲೆಯ ಖರ್ಚು ವಿಮಾನ ಹತ್ತಿ ಊರಿಗೆ ಬರುತ್ತದೆ, ವಿಮೆ ಬರುವುದಿಲ್ಲ. ಊರಲ್ಲಿರುವ ತಂದೆತಾಯಿಗಂತೂ ಅದು ಮೊದಲಿನಿಂದಲೂ ಇಲ್ಲ.

ಈ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ನಮ್ಮವರೂ ಇದ್ದಾರೆ. ಉಡುಪಿಯ ಬಿ.ಆರ್. ಶೆಟ್ಟಿಯವರು 1975ರಲ್ಲಿ ಅಬುಧಾಬಿಯಲ್ಲಿ ಎನ್‌ಎಂಸಿ ಎಂಬ ಪುಟ್ಟ ಚಿಕಿತ್ಸಾಲಯ ತೆರೆದಾಗ ಅಲ್ಲಿನ ಮೊದಲ ವೈದ್ಯೆ ಅವರ ಪತ್ನಿ ಡಾ. ಚಂದ್ರಕುಮಾರಿ. 2012ರ ಹೊತ್ತಿಗೆ ಅದು ಲಂಡನ್ ಷೇರುಪೇಟೆ ಸೇರುವಷ್ಟು ಬೆಳೆದಿತ್ತು. ಮಂಗಳೂರಿನ ತುಂಬೆ ಮೊಯ್ದೀನ್ ಅವರು 1998ರಲ್ಲಿ ಅಜ್ಮಾನ್‌ನಲ್ಲಿ ವೈದ್ಯಕೀಯ ಕಾಲೇಜನ್ನೇ ಕಟ್ಟಿದರು. ಶೆಟ್ಟಿಯವರ ಗಲ್ಫ್ ಸಂಪತ್ತಿನಿಂದ 2017ರಲ್ಲಿ ಉಡುಪಿಯಲ್ಲಿ ತಾಯಿ-ಮಕ್ಕಳ ಉಚಿತ ಸರ್ಕಾರಿ ಆಸ್ಪತ್ರೆಗೆ ಹೊಸ ಕಟ್ಟಡ ಬಂತು, ಅದನ್ನು ನಡೆಸುವ ಹೊಣೆಯನ್ನೂ ಅವರ ಸಂಸ್ಥೆ ಹೊತ್ತಿತು. 2020ರಲ್ಲಿ ಲೆಕ್ಕದಲ್ಲಿ ತೋರಿಸದ ಭಾರಿ ಸಾಲ ಹೊರಬಿದ್ದು ಎನ್‌ಎಂಸಿ ಕುಸಿಯಿತು. ಉಡುಪಿಯಲ್ಲಿ ಸಿಬ್ಬಂದಿಯ ಸಂಬಳ ಬಾಕಿ ಬಿತ್ತು. ಕೊನೆಗೆ ಸರ್ಕಾರವೇ ಆಸ್ಪತ್ರೆಯನ್ನು ಹಿಂದಕ್ಕೆ ಪಡೆಯಿತು. ಒಬ್ಬ ದೊಡ್ಡ ದಾನಿಯ ಮೇಲೆ ನಿಂತ ಆಸ್ಪತ್ರೆಗೂ ಒಬ್ಬ ಮಾಲೀಕನ ಮೇಲೆ ನಿಂತ ಆರೋಗ್ಯಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಐದುನೂರು, ಸಾವಿರ ಕೊಡುವ ನೂರಾರು ಮನೆಗಳ ನಿಧಿಗೆ ಆ ಅಪಾಯ ಕಡಿಮೆ.

ನಿಧಿಯ ಹಣಕ್ಕೆ ಮೊದಲು ನೋಡಬೇಕಾದ ಬಾಗಿಲುಗಳೂ ಇವೆ. ವಲಸೆ ತಪಾಸಣೆ ಬೇಕಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಮೂರು ವರ್ಷದ ಕಂತು 375 ರೂಪಾಯಿ ಮತ್ತು ತೆರಿಗೆ. ಹೋಗುವಾಗ ಕಟ್ಟಿದ್ದನ್ನೇ ಎಷ್ಟೋ ಮಂದಿ ಮರೆತಿರುತ್ತಾರೆ. ಅಲ್ಲೇ ಸಂಕಷ್ಟದಲ್ಲಿ ಸಿಕ್ಕಿಕೊಂಡವರ ತುರ್ತು ಚಿಕಿತ್ಸೆಗೆ ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಊರಲ್ಲಿ ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ರೋಗಿಯನ್ನು ದೆಹಲಿಗೆ ಕರೆತರುವ ಮೊದಲೇ ಇದನ್ನು ವಿಚಾರಿಸಿ. ದೆಹಲಿಯಲ್ಲಿ ರಿಯಾಯಿತಿ ದರದಲ್ಲಿ ಸರ್ಕಾರಿ ಜಮೀನು ಪಡೆದ ಖಾಸಗಿ ಆಸ್ಪತ್ರೆಗಳು ಒಳರೋಗಿಗಳಲ್ಲಿ ಶೇ. 10, ಹೊರರೋಗಿಗಳಲ್ಲಿ ಶೇ. 25ರಷ್ಟು ಬಡವರಿಗೆ ಉಚಿತ ಚಿಕಿತ್ಸೆ ಕೊಡಲೇಬೇಕು. ಹೈಕೋರ್ಟ್ 2007ರಲ್ಲಿ ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದಾಯದ ದಾಖಲೆ ಕೈಯಲ್ಲಿರಲಿ, ಕೇಳಲು ಸಂಕೋಚ ಬೇಡ.

ಇಷ್ಟಾದ ಮೇಲೂ ಉಳಿಯುವ ಖರ್ಚು ಔಷಧದ್ದು, ಜೊತೆಗೆ ಬಂದವರ ಊಟ-ವಸತಿಯದ್ದು, ಮತ್ತೆ ಮತ್ತೆ ಮಾಡಿಸುವ ಪರೀಕ್ಷೆಗಳದ್ದು. ಅದಕ್ಕೆ ಯಾವ ಯೋಜನೆಯೂ ಸರಿಯಾಗಿ ಒದಗುವುದಿಲ್ಲ. ನಿಮ್ಮ ದೇಣಿಗೆ ಸಲ್ಲುವುದು ಇಲ್ಲಿ.

ಗಲ್ಫ್‌ನಲ್ಲಿ ಮಕ್ಕಳೋ ಬಂಧುಗಳೋ ಇರುವ ಸದಸ್ಯರು ಈ ವಾರವೇ ಫೋನ್ ಮಾಡಿ ವಿಮಾ ಕಾರ್ಡಿನ ಎರಡೂ ಬದಿ, ಪಾಲಿಸಿಯ ಮಿತಿ, ಪ್ರವಾಸಿ ಬಿಮಾ ಪತ್ರ ಇವುಗಳ ಫೋಟೋ ತರಿಸಿಟ್ಟುಕೊಳ್ಳಿ. ಆಸ್ಪತ್ರೆಯಿಂದ ಹೊರಡುವವರು ಡಿಸ್ಚಾರ್ಜ್ ಸಮ್ಮರಿಯನ್ನು ಇಂಗ್ಲಿಷಿನಲ್ಲಿ, ಮೊಹರಿನೊಂದಿಗೆ ಕೇಳಿ ಪಡೆಯಲಿ. ಸ್ಕ್ಯಾನ್‌ನ ಸಿಡಿಯನ್ನೂ ಮರೆಯದೆ ತರಲಿ.