ಮಗುವಿನ ಮೌನಕ್ಕೆ ತಾಯಿ ಹೊಣೆಯೇ? — ಆಟಿಸಂ ಮತ್ತು ಮನೋವಿಶ್ಲೇಷಣೆ

ಮೂರು ವರ್ಷ ತುಂಬಿದರೂ ಮಗು ಮಾತನಾಡುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಆಟಿಕೆಯ ಕಾರನ್ನು ಓಡಿಸುವ ಬದಲು ಅದರ ಗಾಲಿಯನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆ. ಇಂಥ ಮನೆಗೆ ಬಂದ ನೆಂಟರ ಕಣ್ಣು ಮೊದಲು ಬೀಳುವುದು ಮಗುವಿನ ಮೇಲಲ್ಲ, ತಾಯಿಯ ಮೇಲೆ. "ನೀನು ಬೆಳಗಾದರೆ ಆಫೀಸಿಗೆ ಓಡುತ್ತೀಯಮ್ಮ, ಮಗುವಿಗೆ ಮಾತು ಎಲ್ಲಿಂದ ಬರಬೇಕು?" ಎಂದು ಒಬ್ಬರು, "ಮನೆಯಲ್ಲಿ ಕನ್ನಡ, ನೆರೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಪಾಪ, ಕೂಸು ಗೊಂದಲಕ್ಕೆ ಬಿದ್ದಿದೆ" ಎಂದು ಮತ್ತೊಬ್ಬರು. ಊರು ಬಿಟ್ಟು ಬಂದು, ಹಿರಿಯರ ಆಸರೆಯಿಲ್ಲದೆ ಮಹಾನಗರದಲ್ಲಿ ಸಂಸಾರ ಹೂಡಿದ ತಾಯಿ ಆ ಮಾತನ್ನು ನಂಬಿಯೂ ಬಿಡುತ್ತಾಳೆ.

ವಿಷಾದದ ಸಂಗತಿಯೆಂದರೆ, ಒಂದು ಕಾಲದಲ್ಲಿ ಇದೇ ಆರೋಪವನ್ನು ದೊಡ್ಡ ವಿದ್ವಾಂಸರೇ ಹೊರಿಸಿದ್ದರು. ಆ ಆರೋಪ ಹುಟ್ಟಿದ್ದು ಹೇಗೆ, ಬಿದ್ದುಹೋದದ್ದು ಹೇಗೆ, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೆಸರು ಬಂದ ಬಗೆ

ಗ್ರೀಕ್ ಭಾಷೆಯಲ್ಲಿ 'ಆಟೋಸ್' ಎಂದರೆ 'ತಾನು'. ಸ್ಕಿಜೋಫ್ರೀನಿಯಾ ರೋಗಿಗಳು ಹೊರಜಗತ್ತನ್ನು ಬಿಟ್ಟು ತಮ್ಮೊಳಗೇ ಮುಳುಗುವುದನ್ನು ಸೂಚಿಸಲು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಇದರಿಂದ 'ಆಟಿಸಂ' ಎಂಬ ಪದವನ್ನು ರೂಪಿಸಿದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್, 8 ಗಂಡು ಮತ್ತು 3 ಹೆಣ್ಣುಮಕ್ಕಳ ನಡತೆಯನ್ನು ವಿವರವಾಗಿ ದಾಖಲಿಸಿ, ಅದೇ ಪದವನ್ನು ಬಳಸಿದರು. ನಮ್ಮಲ್ಲಿ ಇದನ್ನು 'ಸ್ವಲೀನತೆ' ಎಂದೂ ಕರೆಯುವುದುಂಟು.

ಈ ಕೊರತೆ ಹುಟ್ಟಿನಿಂದಲೇ ಬಂದದ್ದೆಂದು ಕ್ಯಾನರ್ ಬರೆದಿದ್ದರು. ಆದರೆ ಅದೇ ಲೇಖನದಲ್ಲಿ, ಈ ಮಕ್ಕಳ ತಂದೆತಾಯಿಗಳು ವಿದ್ಯಾವಂತರು, ಆದರೆ ಅವರಲ್ಲಿ ಅಕ್ಕರೆಯ ಬಿಸುಪು ಕಡಿಮೆ ಎಂಬ ಮಾತನ್ನೂ ಸೇರಿಸಿದರು. 1949ರಲ್ಲಿ ಬರೆದ ಮತ್ತೊಂದು ಲೇಖನದಲ್ಲಿ ಇಂಥ ಮಕ್ಕಳು ಬೆಳೆದ ಮನೆಯನ್ನು ಶೀತಪೆಟ್ಟಿಗೆಗೆ ಹೋಲಿಸಿದರು. ಆ ಹೋಲಿಕೆಯೇ ಮುಂದೆ 'ರೆಫ್ರಿಜರೇಟರ್ ತಾಯಿ' ಎಂಬ ಕ್ರೂರವಾದ ಬಿರುದಾಗಿ ಹಬ್ಬಿತು.

ಮನೋವಿಶ್ಲೇಷಣೆಯ ನೋಟ

ಮನಸ್ಸಿನ ಬಹುಭಾಗ ನಮ್ಮ ಅರಿವಿಗೆ ಮೀರಿದ್ದು, ಶೈಶವದ ಅನುಭವಗಳು ಅಲ್ಲಿ ಹುದುಗಿದ್ದು ಬಾಳನ್ನು ನಡೆಸುತ್ತವೆ ಎಂಬುದು ಸಿಗ್ಮಂಡ್ ಫ್ರಾಯ್ಡ್ ಸ್ಥಾಪಿಸಿದ ಮನೋವಿಶ್ಲೇಷಣೆಯ ಮೂಲತತ್ತ್ವ. ಇದನ್ನು ಮಕ್ಕಳಿಗೆ ಅನ್ವಯಿಸಿದವರಲ್ಲಿ ಮೆಲನಿ ಕ್ಲೈನ್ ಪ್ರಮುಖರು. 'ಡಿಕ್' ಎಂದು ಅವರು ಕರೆದ ನಾಲ್ಕು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಅವರು 1930ರಲ್ಲಿ ಪ್ರಕಟಿಸಿದರು. ಅವನಿಗೆ ರೈಲುಗಾಡಿ ಮತ್ತು ಬಾಗಿಲಿನ ಹಿಡಿಕೆಗಳ ಹೊರತು ಬೇರಾವುದರಲ್ಲೂ ಆಸಕ್ತಿಯಿರಲಿಲ್ಲ. ದೊಡ್ಡ ರೈಲನ್ನು ತಂದೆಯೆಂದೂ ಚಿಕ್ಕದನ್ನು ಡಿಕ್ ಎಂದೂ ಹೆಸರಿಸಿ ಕ್ಲೈನ್ ಅವನ ಆಟದೊಳಗೆ ಪ್ರವೇಶಿಸಿದರು. ಅವನಿಗಿದ್ದುದು ಆಟಿಸಂ ಎಂದು ಇಂದು ಅನೇಕರು ಭಾವಿಸುತ್ತಾರೆ.

ಈ ಚಿಂತನೆ ಕಠೋರವಾದ ಆರೋಪದ ರೂಪ ತಾಳಿದ್ದು ಷಿಕಾಗೋದಲ್ಲಿ, ಬ್ರೂನೋ ಬೆಟಲ್‌ಹೈಮ್ ಅವರ ಬರಹಗಳಲ್ಲಿ. ನಾಜಿಗಳ ಡಕಾವ್ ಮತ್ತು ಬೂಕನ್‌ವಾಲ್ಡ್ ಶಿಬಿರಗಳಲ್ಲಿ ಸೆರೆಯಾಗಿದ್ದು ಬಿಡುಗಡೆ ಹೊಂದಿದ್ದ ಅವರು, ಅಲ್ಲಿನ ಬಂದಿಗಳು ಆಸೆಯನ್ನೆಲ್ಲ ತೊರೆದು ಕಲ್ಲಾಗುತ್ತಿದ್ದುದನ್ನು ಕಂಡಿದ್ದರು. ಆಟಿಸಂ ಇರುವ ಮಗುವೂ ತನ್ನನ್ನು ಬಯಸದ ತಂದೆತಾಯಿಗಳಿಗೆ ಹೆದರಿ ಹೀಗೆಯೇ ಕೋಟೆ ಕಟ್ಟಿಕೊಂಡಿದೆ ಎಂದು ಅವರು ವಾದಿಸಿದರು. 1967ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರೇ 'ಬರಿದಾದ ಕೋಟೆ' ಎಂಬರ್ಥದ್ದು. ಅವರ ವಸತಿಶಾಲೆಯಲ್ಲಿ ಮಕ್ಕಳನ್ನು ಹೆತ್ತವರಿಂದ ದೂರವಿಡುವುದೇ ಚಿಕಿತ್ಸೆಯ ಅಂಗವಾಯಿತು. ಎಷ್ಟೋ ತಾಯಂದಿರು ಮಗುವಿನ ಸ್ಥಿತಿಯ ದುಃಖದೊಡನೆ ತಾವೇ ಅದಕ್ಕೆ ಕಾರಣವೆಂಬ ಪಾಪಭಾವನೆಯನ್ನೂ ಹೊರಬೇಕಾಯಿತು.

ಆರೋಪ ಬಿದ್ದ ಬಗೆ

ಈ ವಾದವನ್ನು ಮೊದಲು ಕ್ರಮವಾಗಿ ಪ್ರಶ್ನಿಸಿದವರು ಆಟಿಸಂ ಇದ್ದ ಬಾಲಕನೊಬ್ಬನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲೆಂಡ್. 1964ರ ತಮ್ಮ ಗ್ರಂಥದಲ್ಲಿ ಅವರು ಸರಳವಾದ ಪ್ರಶ್ನೆಯೊಂದನ್ನು ಮುಂದಿಟ್ಟರು: ತಾಯಿಯ ತಣ್ಣನೆಯ ಸ್ವಭಾವವೇ ಕಾರಣವಾದರೆ, ಅದೇ ತಾಯಿಯ ಉಳಿದ ಮಕ್ಕಳು ಸಾಮಾನ್ಯರಂತೆ ಬೆಳೆಯುವುದು ಹೇಗೆ? ಆಟಿಸಂನ ಮೂಲವನ್ನು ನರಮಂಡಲದಲ್ಲಿ ಹುಡುಕಬೇಕೆಂದು ಅವರು ಸಾಧಿಸಿದರು.

1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಪ್ರತಿ ಜೋಡಿಯಲ್ಲೂ ಒಂದು ಮಗುವಿಗಾದರೂ ಆಟಿಸಂ ಇತ್ತು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ 4ರಲ್ಲಿ ಎರಡೂ ಮಕ್ಕಳಿಗೆ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಅನುವಂಶೀಯತೆಯ ಪಾತ್ರ ದೊಡ್ಡದೆಂದು ಇದರಿಂದ ಸ್ಪಷ್ಟವಾಯಿತು. ಮುಂದಿನ ಅಧ್ಯಯನಗಳು ಅದನ್ನು ದೃಢಪಡಿಸಿವೆ. ಇದಕ್ಕೂ ಮುನ್ನ, 1969ರಲ್ಲಿ, ಕ್ಯಾನರ್ ಅವರೇ ಪೋಷಕರ ಸಭೆಯೊಂದರಲ್ಲಿ ನಿಂತು ತಂದೆತಾಯಿಗಳು ನಿರ್ದೋಷಿಗಳೆಂದು ಸಾರಿದ್ದರು.

ಹಳೆಯ ವಾದ ಎಡವಿದ್ದು ಎಲ್ಲಿ? ಕಾರ್ಯವನ್ನು ಕಾರಣವೆಂದು ಬಗೆದಲ್ಲಿ. ನಗೆಗೆ ನಗೆ ಮರಳಿಸದ, ಎತ್ತಿಕೊಳ್ಳಲು ಹೋದರೆ ಕೈ ಚಾಚದ ಕೂಸಿನ ಮುಂದೆ ಎಂಥ ತಾಯಿಯ ಮುಖವೂ ಬಾಡುತ್ತದೆ. ವೈದ್ಯರ ಕೋಣೆಗೆ ಬಂದದ್ದು ಹಾಗೆ ಬಾಡಿದ ಮುಖ. ಅದನ್ನೇ ಅವರು ರೋಗದ ಮೂಲವೆಂದು ಓದಿದರು.

ಒಳಗಿನಿಂದಲೇ ಬಂದ ತಿದ್ದುಪಡಿ

ಮನೋವಿಶ್ಲೇಷಕರೆಲ್ಲರೂ ತಮ್ಮ ಮಾತಿಗೇ ಅಂಟಿಕೊಂಡರೆಂದು ಭಾವಿಸಬಾರದು. ಎಲ್ಲ ಹಸುಗೂಸುಗಳೂ ಮೊದಲು ಸಹಜವಾದ 'ಆಟಿಸಂ ಹಂತ'ವೊಂದನ್ನು ದಾಟುತ್ತವೆ ಎಂದು ಮಾರ್ಗರೆಟ್ ಮಾಹ್ಲರ್ ಪ್ರತಿಪಾದಿಸಿದ್ದರು. ಇಂಗ್ಲೆಂಡಿನ ಫ್ರಾನ್ಸಿಸ್ ಟಸ್ಟಿನ್ ಕೂಡ 1972ರ ತಮ್ಮ ಗ್ರಂಥದಲ್ಲಿ ಇಂಥ ವಿಚಾರವನ್ನೇ ಆಧರಿಸಿದ್ದರು. ಆದರೆ ಶಿಶುಗಳು ಹುಟ್ಟಿದಂದಿನಿಂದಲೇ ಮುಖವನ್ನೂ ದನಿಯನ್ನೂ ಅರಸುತ್ತವೆ ಎಂಬುದು ಸಂಶೋಧನೆಗಳಿಂದ ತಿಳಿದಾಗ, 1990ರ ದಶಕದಲ್ಲಿ ಟಸ್ಟಿನ್ ತಮ್ಮ ಹಿಂದಿನ ನಿಲುವು ತಪ್ಪೆಂದು ಬರೆದು ಪ್ರಕಟಿಸಿದರು. ವಿದ್ವತ್ತಿಗೆ ಭೂಷಣವಾದ ನಡೆಯಿದು. ಫ್ರಾನ್ಸಿನಲ್ಲಿ ಮಾತ್ರ ಹಳೆಯ ಪಂಥದ ಪ್ರಭಾವ ಬಹುಕಾಲ ಉಳಿಯಿತು. 2012ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ಆಟಿಸಂಗೆ ಶಿಫಾರಸು ಮಾಡಿದ ಕ್ರಮಗಳಲ್ಲಿ ಮನೋವಿಶ್ಲೇಷಣೆಯನ್ನು ಸೇರಿಸಲಿಲ್ಲ.

ಹಾಗಾದರೆ ಉಳಿದದ್ದೇನು? ಕಾರಣದ ವಿವರಣೆ ಬಿದ್ದುಹೋಯಿತು. ಗಮನಿಸುವ ಅಭ್ಯಾಸ ಉಳಿಯಿತು. ಮಗುವಿನ ವಿಚಿತ್ರವೆನಿಸುವ ಆಟಕ್ಕೂ ಅರ್ಥವಿರಬಹುದೆಂಬ ಕ್ಲೈನ್ ಅವರ ನಂಬಿಕೆ, ಗಟ್ಟಿಯಾದ ವಸ್ತುವೊಂದನ್ನು ಮಗು ಮುಷ್ಟಿಯಲ್ಲಿ ಬಿಗಿಹಿಡಿಯುವುದು ಅಭಯಕ್ಕಾಗಿ ಎಂಬ ಟಸ್ಟಿನ್ ಅವರ ಅವಲೋಕನ ಇವು ಇಂದಿಗೂ ಉಪಯುಕ್ತ. ಗಾಲಿ ತಿರುಗಿಸುವ ಮಗುವಿನ ಕೈಯಿಂದ ಕಾರನ್ನು ಕಸಿಯುವುದಕ್ಕಿಂತ, ಪಕ್ಕದಲ್ಲಿ ಕುಳಿತು ತಾವೂ ಒಂದು ಗಾಲಿ ತಿರುಗಿಸುವುದು ಮೇಲು. ಗೆಳೆತನ ಅಲ್ಲಿಂದ ಆರಂಭವಾಗಬಹುದು.

ನಮ್ಮ ಮನೆಗಳಲ್ಲಿ

ಓದುಗರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ವರ್ಷ ತುಂಬಿದರೂ ಹೆಸರಿಗೆ ಓಗೊಡದಿರುವುದು, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳಿನಿಂದ ತೋರಿಸದಿರುವುದು, ಬಂದ ಮಾತು ಮರೆಯಾಗುವುದು, ಇವು ಕಂಡಾಗ "ಗಂಡುಮಕ್ಕಳಿಗೆ ಮಾತು ತಡ" ಎಂದು ಕಾಯದೆ ಮಕ್ಕಳ ತಜ್ಞರನ್ನು ಕಾಣಬೇಕು. ಕಿವಿಯ ಪರೀಕ್ಷೆಯನ್ನೂ ಮಾಡಿಸಬೇಕು. ಆಟಿಸಂ ಅನ್ನು ಇಲ್ಲವಾಗಿಸುವ ಔಷಧವಿಲ್ಲ. ಅಂಥ ಆಶ್ವಾಸನೆ ಕೊಟ್ಟು ಹಣ ಕೇಳುವವರನ್ನು ದೂರವಿಡಬೇಕು. ಆದರೆ ಮಾತಿನ ತರಬೇತಿ, ಆಟದ ಮೂಲಕ ಕಲಿಕೆ, ತಂದೆತಾಯಿಗಳಿಗೆ ಮಾರ್ಗದರ್ಶನ ಇವುಗಳಿಂದ ಮಗುವಿಗೆ ನೆರವಾಗುತ್ತದೆ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯಿದೆಯಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಆಟಿಸಂ ಸೇರಿದೆ. ಆದ್ದರಿಂದ ಕೇಳಿ ಪಡೆಯಬಹುದಾದ ಹಕ್ಕುಗಳೂ ಉಂಟು.

ಇನ್ನು ಹೊರನಾಡಿನ ಕನ್ನಡಿಗರಾದ ನಮಗೆ ವಿಶೇಷವಾದ ಮಾತೊಂದಿದೆ. ಎರಡು-ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಗುವಿನ ಮಾತು ಅದರಿಂದ ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೂ ಈವರೆಗಿನ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ಮಗುವಿನ ಹಿತಕ್ಕೆಂದು ಮನೆಯ ಕನ್ನಡವನ್ನು ಬಿಟ್ಟು, ತನಗೇ ಸಲೀಸಾಗಿ ಬಾರದ ಭಾಷೆಯಲ್ಲಿ ತಾಯಿ ತಡವರಿಸಬೇಕಾಗಿಲ್ಲ. ತನ್ನ ಮಾತಿನಲ್ಲಿಯೇ ಅವಳು ಜೋಗುಳ ಹಾಡಲಿ, ಮಗುವಿನೊಡನೆ ಆಡಲಿ.

ಮುಂದಿನ ಬಾರಿ ಅಂಥ ಮನೆಗೆ ಹೋದಾಗ ನಾವು ತಾಯಿಯನ್ನು ಪ್ರಶ್ನಿಸದಿರೋಣ. ಅರ್ಧ ಗಂಟೆ ಮಗುವಿನ ಬಳಿ ಕುಳಿತು, "ನೀನು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಮ್ಮ" ಎನ್ನೋಣ. ವಿದ್ವಾಂಸರು ತಮ್ಮ ತಪ್ಪನ್ನು ತಿದ್ದಿಕೊಂಡಿದ್ದಾರೆ, ನಾವೂ ತಿದ್ದಿಕೊಳ್ಳಬಹುದು.