ಕಡಿಯುವಾಗ ಮುಂದಕ್ಕೆ, ಅಗಿಯುವಾಗ ಹಿಂದಕ್ಕೆ: ಇಲಿಯ ದವಡೆ

ಹೊಡೆ ಕಟ್ಟುವ ಹೊತ್ತಿಗೆ ಭತ್ತದ ಗದ್ದೆಯ ನಡುವೆ ತೆಂಡೆಗಳು ಓರೆಯಾಗಿ ತುಂಡಾಗಿ ಬಿದ್ದಿದ್ದರೆ, ಬದುವಿನ ಬಿಲದ ಬಾಯಲ್ಲಿ ಹೊಸ ಮಣ್ಣು ಕಂಡರೆ, ಅದು ಹೆಗ್ಗಣದ ಕೆಲಸ. ಕಡಿದದ್ದನ್ನೆಲ್ಲ ಅದು ತಿಂದಿರುವುದಿಲ್ಲ. ರೈತರ ಹೊಟ್ಟೆ ಉರಿಯುವುದೇ ಇದಕ್ಕೆ. ಆದರೆ ಇಲಿ ಜಾತಿಗೆ ಕಡಿಯುವುದು ಬೇರೆ, ತಿನ್ನುವುದು ಬೇರೆ.

ಇಲಿಯ ಬಾಯಲ್ಲಿ 16 ಹಲ್ಲುಗಳಿವೆ. ಮುಂದೆ ಮೇಲೆರಡು, ಕೆಳಗೆರಡು ಬಾಚಿಹಲ್ಲು. ಹಿಂದೆ 12 ದವಡೆಹಲ್ಲು. ಕೋರೆಹಲ್ಲಿರಬೇಕಾದ ಜಾಗ ಖಾಲಿ. ಕಡಿಯುವಾಗ ಕೆಳದವಡೆ ಮುಂದಕ್ಕೆ ಜಾರುತ್ತದೆ. ಮೇಲಿನ ಬಾಚಿಹಲ್ಲು ಕಚ್ಚಿ ಹಿಡಿಯುತ್ತದೆ, ಕೆಳಗಿನದು ಕೆತ್ತುತ್ತದೆ. ಹಿಂದಿನ ಹಲ್ಲುಗಳು ಆಗ ಒಂದಕ್ಕೊಂದು ಕೂಡುವುದೇ ಇಲ್ಲ. ಅಗಿಯುವಾಗ ದವಡೆ ಹಿಂದಕ್ಕೆ ಸರಿದು ಬಾಚಿಹಲ್ಲುಗಳು ಬಿಡುವಾಗುತ್ತವೆ. ಮೆಲುಕು ಹಾಕುವ ಹಸುವಿನ ದವಡೆ ಅಡ್ಡಡ್ಡ ಆಡಿದರೆ, ಇಲಿಯದು ಹಿಂದೆ ಮುಂದೆ ಆಡುತ್ತದೆ, ಕಲ್ಲಿನ ಮೇಲೆ ಖಾರ ಅರೆದ ಹಾಗೆ.

ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಅದರ ಮುಂಬದಿಗೆ ಮಾತ್ರ ಗಟ್ಟಿ ಲೇಪ; ಹಿಂಬದಿ ಮೆತ್ತಗಿದ್ದು ಬೇಗ ಸವೆಯುತ್ತದೆ. ಹಾಗಾಗಿ ತುದಿ ಯಾವಾಗಲೂ ಮಸೆದ ಉಳಿಯಂತಿರುತ್ತದೆ.

ಇನ್ನೂ ಒಂದು ಚಮತ್ಕಾರವಿದೆ. ಕಡಿಯುವಾಗ ತುಟಿಯ ಒಳಮಡಿಕೆಗಳು ಬಾಚಿಹಲ್ಲಿನ ಹಿಂದೆ ಬಂದು ಪರದೆ ಎಳೆದಂತೆ ಮುಚ್ಚಿಕೊಳ್ಳುತ್ತವೆ. ಮಣ್ಣು, ಮರದ ಪುಡಿ, ಗೋಣಿಯ ನಾರು ಹೊರಗೇ ಉದುರುತ್ತವೆ. ಭತ್ತದ ಕಾಳು ಸಿಕ್ಕಾಗ ಇಲಿ ಮುಂಗಾಲಲ್ಲಿ ಹಿಡಿದು, ಸಿಪ್ಪೆ ಸುಲಿದು ಕೆಳಗೆ ಬಿಟ್ಟು, ಅಕ್ಕಿಯನ್ನಷ್ಟೇ ಒಳಗೆ ತಳ್ಳುತ್ತದೆ. ಕಣಜದ ಮೂಲೆಯಲ್ಲಿ ಹೊಟ್ಟಿನ ಸಣ್ಣ ಗುಡ್ಡೆ ಕಂಡರೆ ಅದು ಕೂತು ಉಂಡ ಜಾಗ.

ತೋಟದಲ್ಲೂ ಹಲ್ಲಿನ ಗುರುತನ್ನು ಓದಬಹುದು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ಕೋಕೋ ಕಾಯಿಯಲ್ಲಿ ತೂತು ತೊಟ್ಟಿನ ಹತ್ತಿರವಿದ್ದರೆ ಸಾಮಾನ್ಯವಾಗಿ ಇಲಿ, ನಡುವೆ ಇದ್ದರೆ ಅಳಿಲು. ತೆಂಗಿನ ಮರಕ್ಕೆ ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡಿನ ಪಟ್ಟಿ ಸುತ್ತಿದರೆ ಇಲಿ ಹತ್ತಲಾರದು. ನುಣುಪಾದ ತಗಡಿನ ಮೇಲೆ ಉಗುರು ಊರದು, ಹಲ್ಲಿಗೆ ಅಂಚೂ ಸಿಗದು. ಪಕ್ಕದ ಮರದ ಗರಿ ತಾಗುತ್ತಿದ್ದರೆ ಮಾತ್ರ ಪಟ್ಟಿ ಕಟ್ಟಿದ್ದು ದಂಡ. ಉಗ್ರಾಣದ ಬಾಗಿಲಿಗೂ ಇದೇ ಮಾತು: ಹಲ್ಲು ಹಿಡಿಯುವುದು ಅಂಚನ್ನು, ಆದ್ದರಿಂದ ಬಾಗಿಲಿನ ಕೆಳಅಂಚಿಗೆ ತಗಡು ಬಡಿಯಬೇಕು.

ಇನ್ನು ಗದ್ದೆಯ ಇಲಿಗೆ ಇಡುವ ವಿಷ. ಅದು ಕೆಲಸ ಮಾಡಬೇಕಾದರೆ ತುಟಿಯ ಪರದೆ ದಾಟಿ ಹೊಟ್ಟೆ ಸೇರಬೇಕು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದಕ್ಕೇ ಹೊಸ ತಿಂಡಿಯನ್ನು ಮೊದಲು ಒಂದಿಷ್ಟೇ ತಿಂದು ನೋಡುತ್ತದೆ. ಸಂಜೆ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಿದರೆ, ಬೆಳಿಗ್ಗೆ ತೆರೆದಿರುವುದು ಇಲಿಯಿರುವ ಬಿಲ. ಅಲ್ಲಿ ಎರಡು ಮೂರು ದಿನ ಎಣ್ಣೆ ಸವರಿದ ನುಚ್ಚನ್ನಷ್ಟೇ ಇಟ್ಟು ರುಚಿ ಹತ್ತಿಸಬೇಕು. ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಝಿಂಕ್ ಫಾಸ್ಫೈಡ್ ಬೆರೆಸಿ, ಸುಮಾರು 10 ಗ್ರಾಂ ಪೊಟ್ಟಣ ಕಟ್ಟಿ ಬಿಲದೊಳಗೆ ಇಡಬೇಕು. ಒಮ್ಮೆ ತಿಂದು ಬದುಕುಳಿದ ಇಲಿ ಅದೇ ವಿಷವನ್ನು ಮತ್ತೆ ಮುಟ್ಟದು, ಆದ್ದರಿಂದ ಕೂಡಲೇ ಇನ್ನೊಮ್ಮೆ ಇಡುವುದು ವ್ಯರ್ಥ. ಬೆರೆಸಲು ಕೋಲು ಬಳಸಿ, ಕೈಗೆ ಗವಸು ಹಾಕಿ, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಮಕ್ಕಳು, ದನ, ನಾಯಿ ಹತ್ತಿರ ಸುಳಿಯಬಾರದು. ಸತ್ತ ಇಲಿಗಳನ್ನೂ ಉಳಿದ ಪೊಟ್ಟಣಗಳನ್ನೂ ಮರುದಿನವೇ ಆಯ್ದು ಆಳವಾಗಿ ಹೂಳಬೇಕು.