ನೂರು ಕೋಟಿಯಲ್ಲಿ ಮೂರು ನಾಲ್ಕು

ಪಿ.ಯು.ಸಿ. ತರಗತಿಯಲ್ಲಿದ್ದಾಗ ಸರಳ ಲೋಲಕದ ಪ್ರಯೋಗದಲ್ಲಿ ನನಗೆ ಗುರುತ್ವ ವೇಗೋತ್ಕರ್ಷ 974 ಎಂದು ಬಂದಿತು. ಪುಸ್ತಕದಲ್ಲಿ 981 ಎಂದಿತ್ತು. ಎರಡು ಅಳತೆಗಳನ್ನು ರಬ್ಬರಿನಿಂದ ಅಳಿಸಿ, ತಿದ್ದಿ, 981ನ್ನೇ ತಂದುಕೊಂಡೆ. ಪೂರ್ಣ ಅಂಕಗಳೂ ದೊರೆತವು. ನಮ್ಮ ನಾಡಿನಲ್ಲಿ ಅದರ ನಿಜವಾದ ಬೆಲೆ ಸುಮಾರು 978 ಎಂಬುದು ಅನಂತರ ತಿಳಿಯಿತು! ಈಗ ಕಲಾ ವಿಭಾಗದಲ್ಲಿ ಓದುತ್ತಿರುವ ನಾನು ಪರಮಾಣುವಿಗಿಂತಲೂ ಸೂಕ್ಷ್ಮವಾದ ವಿಷಯವನ್ನು ಕುರಿತು ಬರೆಯಹೊರಟಿರುವುದಕ್ಕೆ ಆ ರಬ್ಬರೇ ಕಾರಣ. ವಿಜ್ಞಾನದ ಅಧ್ಯಾಪಕರು ಮನ್ನಿಸಬೇಕು.

ಜಿನೀವಾ ನಗರದ ಬಳಿ, ಸ್ವಿಟ್ಸರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ನೆಲದಡಿ 27 ಕಿಲೋಮೀಟರು ಸುತ್ತಳತೆಯ ಸುರಂಗವೊಂದಿದೆ. ಸರ್ನ್ ಸಂಸ್ಥೆಯವರು ಅದರೊಳಗೆ ಪ್ರೋಟಾನುಗಳ ಎರಡು ಧಾರೆಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಆ ಡಿಕ್ಕಿಗಳಲ್ಲಿ ಹುಟ್ಟುವ ಅಲ್ಪಾಯುಷಿ ಕಣಗಳಲ್ಲಿ ಬಿ-ಎಸ್ ಮೆಸಾನು ಒಂದು. ಅದರ ತೂಕ ಪ್ರೋಟಾನಿನ ಐದುಮುಕ್ಕಾಲು ಪಟ್ಟು. ಆಯುಷ್ಯವೋ, ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದೂವರೆ ಭಾಗ! ಇದು ಬಗೆಬಗೆಯಾಗಿ ಒಡೆಯುತ್ತದೆ. ಆದರೆ ಕೇವಲ ಎರಡು ಮ್ಯೂಯಾನುಗಳಾಗಿ ಒಡೆಯುವುದು, ಸಿದ್ಧಾಂತದ ಪ್ರಕಾರ, ನೂರು ಕೋಟಿಯಲ್ಲಿ ಮೂರು ನಾಲ್ಕು ಸಲ ಮಾತ್ರ. ನಮಗಿನ್ನೂ ಕಾಣದ ಭಾರವಾದ ಹೊಸ ಕಣಗಳೇನಾದರೂ ಇದ್ದರೆ ಈ ಎಣಿಕೆ ಏರುಪೇರಾಗಬಹುದು. ಆದುದರಿಂದಲೇ 1980ರ ದಶಕದಿಂದ ವಿಜ್ಞಾನಿಗಳು ಇದರ ಬೆನ್ನು ಹತ್ತಿದರು.

ಹುಡುಕುವುದು ಹೇಗೆ? ಮ್ಯೂಯಾನು ದಪ್ಪ ಕಬ್ಬಿಣವನ್ನೂ ತೂರಿಕೊಂಡು ಹೋಗುತ್ತದೆ; ಉಳಿದ ಕಣಗಳು ಬಹುಮಟ್ಟಿಗೆ ನಿಂತುಬಿಡುತ್ತವೆ. ವಿರುದ್ಧ ವಿದ್ಯುದಂಶದ ಎರಡು ಮ್ಯೂಯಾನುಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ, ಅವು ಡಿಕ್ಕಿಯ ಸ್ಥಳದಿಂದ ತುಸು ದೂರದಲ್ಲಿ ಒಂದೇ ಬಿಂದುವಿನಲ್ಲಿ ಕೂಡಬೇಕು. ಅವುಗಳಿಂದ ಲೆಕ್ಕ ಹಾಕಿದ ತಾಯಿಕಣದ ತೂಕವೂ ಸರಿಹೊಂದಬೇಕು. ತೊಂದರೆಯೆಂದರೆ, ಇಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ಬೇರೆ ಬೇರೆ ತಾಯಂದಿರ ಎರಡು ಮ್ಯೂಯಾನುಗಳು ಆಕಸ್ಮಿಕವಾಗಿ ಜೊತೆಯಾಗುತ್ತವೆ. ಪಯಾನುಗಳು ಮ್ಯೂಯಾನಿನ ವೇಷ ಹಾಕುತ್ತವೆ. ಜರಡಿ ಹಿಡಿಯದೆ ಗತಿಯಿಲ್ಲ. ಜರಡಿಯ ಕಣ್ಣು ಎಷ್ಟಿರಬೇಕೆಂಬುದನ್ನು ಫಲವನ್ನು ನೋಡುತ್ತಲೇ ಗೊತ್ತುಮಾಡಿದರೆ, ಬೇಕಾದುದನ್ನು ಉಳಿಸಿ ಬೇಡವಾದುದನ್ನು ಚೆಲ್ಲಬಹುದು. ನನ್ನ ರಬ್ಬರು ಮಾಡಿದ್ದೂ ಅದನ್ನೇ.

ಇದನ್ನು ಅರಿತೇ ಅವರು ತಮ್ಮ ಕಣ್ಣಿಗೆ ತಾವೇ ಬಟ್ಟೆ ಕಟ್ಟಿಕೊಂಡರು. ಮೆಸಾನಿನ ತೂಕ ಬೀಳಬೇಕಾದ ಜಾಗದ ಘಟನೆಗಳನ್ನು ಯಾರೂ ನೋಡದಂತೆ ಮುಚ್ಚಿಟ್ಟರು. ಅಕ್ಕಪಕ್ಕದ ತೂಕಗಳ ಘಟನೆಗಳನ್ನೂ ಗಣಕಯಂತ್ರದಲ್ಲಿ ಸೃಷ್ಟಿಸಿದ ಕೃತಕ ಡಿಕ್ಕಿಗಳನ್ನೂ ಇಟ್ಟುಕೊಂಡು ಜರಡಿಯನ್ನು ಸಿದ್ಧಪಡಿಸಿದರು. ನಿಯಮಗಳು ಖಚಿತವಾದ ಮೇಲೆಯೇ ಮುಚ್ಚಳ ತೆಗೆದದ್ದು. ವರ್ಷಗಟ್ಟಲೆ ದುಡಿದವರಿಗೆ ಇದು ಎಂಥ ಸಂಯಮವೆಂದು ಪರೀಕ್ಷೆಯ ಫಲಿತಾಂಶಕ್ಕೆ ಕಾದಿರುವ ನನ್ನ ಸಹಪಾಠಿಗಳು ಊಹಿಸಬಲ್ಲರು.

2012ರ ನವೆಂಬರಿನಲ್ಲಿ ಎಲ್.ಎಚ್.ಸಿ.ಬಿ. ತಂಡದವರು ಮೊದಲ ಪುರಾವೆಯನ್ನು ಮುಂದಿಟ್ಟರು. 2015ರಲ್ಲಿ ಸಿ.ಎಂ.ಎಸ್. ತಂಡದೊಡನೆ ಕೂಡಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಬೆಲೆ ನೂರು ಕೋಟಿಗೆ 2.8, ಹೆಚ್ಚುಕಡಿಮೆ 0.7. ಸಿದ್ಧಾಂತದ ಎಣಿಕೆ 3.7ರ ಹತ್ತಿರವಿತ್ತು. ಅವರು 2.8ನ್ನು ಹಾಗೆಯೇ ಅಚ್ಚು ಹಾಕಿಸಿದರು. ಮತ್ತಷ್ಟು ಡಿಕ್ಕಿಗಳನ್ನು ಸೋಸಿದ ಮೇಲೆ, 2022ರಲ್ಲಿ, ಸಿ.ಎಂ.ಎಸ್. ತಂಡಕ್ಕೆ ದೊರೆತದ್ದು ಸುಮಾರು 3.8. ಹೊಸ ಕಣದ ಸುಳಿವು ಮಾತ್ರ ಅದರಲ್ಲಿ ಕಾಣಲಿಲ್ಲ.